ಊಟದ ಮೇಜಿನ ಸುತ್ತ ಮಂಗಳ

ನನಗೆ ಸಿಟ್ಟು ಬೇಗ ಬರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಆಕಾಶದ ವಿಷಯದಲ್ಲಿ ಬರುವ ಸಿಟ್ಟೇ ಬೇರೆ. ಪಕ್ಕದ ಮನೆಯವರು ಕಸವನ್ನು ನಮ್ಮ ಗೇಟಿನ ಮುಂದಕ್ಕೆ ಗುಡಿಸಿಬಿಟ್ಟರೂ ಸಹಿಸಿಕೊಂಡೇನು. ತನ್ನ ಪಾಡಿಗೆ ತಾನು ತಿರುಗುತ್ತಿರುವ ಗ್ರಹದ ಮೇಲೆ ಚಾಡಿ ಹೇಳಿದರೆ ತಡೆಯಲಾರೆ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ಹೇಳಿ ತಲೆ ಹಣ್ಣಾದವನು ನಾನು. "ನಿಮಗ್ಯಾಕ್ರೀ ಇಷ್ಟು ಉರಿ, ಮಂಗಳ ಏನು ನಿಮ್ಮ ಸೋದರಮಾವನೇ?" ಎಂದು ಹೆಂಡತಿ ಕೇಳುತ್ತಾಳೆ.

2003ರ ಆಗಸ್ಟಿನಲ್ಲಿ ಮಂಗಳ ಭೂಮಿಗೆ ಬಹಳ ಹತ್ತಿರ ಬಂತು. ಕೆಂಪಗೆ ಹೊಳೆಯುತ್ತಿದ್ದ ಅದನ್ನು ತಾರಸಿ ಹತ್ತಿ ನೋಡುವುದು ಬಿಟ್ಟು ನಮ್ಮ ಬೀದಿಯವರು ಹೆದರಿ ಕೂತರು. ಅದೇ ಹೊತ್ತಿಗೆ ಮಗಳು ಸುಮಳನ್ನು ನೋಡಲು ಗಂಡಿನ ಕಡೆಯವರು ಬಂದರು. ಬಂದ ಗಂಡುಗಳಿಗೆಲ್ಲ ಮೂಗು ಮುರಿದಿದ್ದವಳು ಈ ಹುಡುಗನನ್ನು ಒಪ್ಪಿದ್ದಳು. ಉಪ್ಪಿಟ್ಟು, ಕೇಸರಿಬಾತು ಮುಗಿಸಿದ ಹುಡುಗನ ತಂದೆ, ಬಟ್ಟೆ ಅಂಗಡಿಯ ಶಿವಣ್ಣನವರು, ಗಂಟಲು ಸರಿಮಾಡಿಕೊಂಡರು.

"ಹುಡ್ಗಿ ಜಾತ್ಕದಲ್ಲಿ ಕುಜದೋಷ ಐತೆ. ಅದನ್ನ ಬೇಕಾದ್ರೆ ನುಂಗ್ಕೋಬೋದು. ಆದ್ರೆ ಈಗ ಕುಜ ಮೈಮೇಲೇ ಬರ್ತಾವ್ನಂತಲ್ಲ ಸಾರ್. ಈ ಸಂಬಂಧ ಬುಟ್ಬುಡೋದೇ ವಾಸಿ ಅಂತಾರೆ ನಮ್ ಜೋಯಿಸರು."

ಮಗಳ ಮುಖ ಬಾಡಿತು. ನನಗೆ ಮೈಯೆಲ್ಲ ಉರಿದುಹೋಯಿತು. ಕೋಟ್ಯಂತರ ಮೈಲಿ ಆಚೆ ಇರುವ ಬಂಡೆಗುಂಡು ನನ್ನ ಮಗಳ ಮದುವೆ ಮುರಿಯುವುದೆಂದರೇನು? "ಅವನು ಯಾರ ಮೈಮೇಲೂ ಬರ್ತಿಲ್ಲ ಕಣ್ರೀ, ಏಳಿ ಮೇಲೆ" ಎಂದು ಕೈಹಿಡಿದು ಎಬ್ಬಿಸಿದೆ. ಊಟದ ಮೇಜನ್ನು ಹಾಲಿನ ನಡುವೆ ಎಳೆದು, ಮಿಕ್ಕ ಕೇಸರಿಬಾತಿನ ಪಾತ್ರೆಯನ್ನು ಸೂರ್ಯನೆಂದು ಇಟ್ಟೆ. ಶಿವಣ್ಣ ಮಂಗಳ, ಗೋಡೆ ಬದಿಯ ದೊಡ್ಡ ಸುತ್ತು, ನಿಧಾನದ ನಡಿಗೆ. ನಾನು ಭೂಮಿ, ಮೇಜಿನ ಪಕ್ಕದ ಚಿಕ್ಕ ಸುತ್ತು, ಬಿರುಸು ನಡಿಗೆ. ನಾನು ಅವರನ್ನು ದಾಟುವಾಗ ಭುಜಕ್ಕೆ ಭುಜ ತಗುಲಿತು.

"ಹತ್ತಿರ ಬರೋದು ಅಂದ್ರೆ ಇಷ್ಟೇ. ಎರಡು ವರ್ಷ ಚಿಲ್ಲರೆಗೊಮ್ಮೆ ನಾವೇ ಹೋಗಿ ಅವನನ್ನ ದಾಟ್ತೀವಿ. ದಾರಿ ಪೂರ್ತಿ ಗುಂಡಗಿಲ್ಲ, ಅದಕ್ಕೇ ಈ ಸಲ ಇನ್ನೂ ಸ್ವಲ್ಪ ಹತ್ತಿರ." ಮತ್ತಷ್ಟು ಸುತ್ತಿದಾಗ ನಾನು ಅಡುಗೆಮನೆ ಬಾಗಿಲಲ್ಲಿದ್ದೆ, ಅವರು ಕೇಸರಿಬಾತಿನ ಆಚೆ ಟೀವಿಯ ಹತ್ತಿರ. "ಈಗ ನೋಡಿ ಎಷ್ಟು ದೂರ. ದೋಷ ಎಲ್ಲಿದೆ ಹೇಳಿ."

ಶಿವಣ್ಣ ನಿಂತರು. ಮುಖ ಅರಳಿತು. ಇಷ್ಟು ವರ್ಷ ಪಾಠ ಮಾಡಿದರೂ ಯಾವ ವಿದ್ಯಾರ್ಥಿಯ ಮುಖವೂ ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ. ಅವರು ಶಲ್ಯವನ್ನು ಸೊಂಟಕ್ಕೆ ಬಿಗಿದು ಕೇಸರಿಬಾತಿಗೆ ಕೈಮುಗಿದರು.

"ಮೊದ್ಲೇ ಹೇಳ್ಬಾರ್ದಾ ಸಾರ್, ಪರಿಹಾರ ನಿಮ್ ಮನೇಲೇ ಮಾಡಿಸ್ತೀರಿ ಅಂತ. ಎಷ್ಟ್ ಸುತ್ತು ಹಾಕ್ಬೇಕು? ಮೂರು ಸಾಕಾ, ಇಲ್ಲ ನವಗ್ರಹಕ್ಕೆ ಹಾಕ್ದಂಗೆ ಒಂಬತ್ತಾ?"

ಇದು ಪ್ರದಕ್ಷಿಣೆಯಲ್ಲ, ಖಗೋಳಶಾಸ್ತ್ರ ಎಂದು ಕಿರುಚಲು ಬಾಯಿ ತೆರೆದೆ. ಮಗಳು ನನ್ನನ್ನೇ ನೋಡುತ್ತಿದ್ದಳು.

"ಒಂಬತ್ತೇ ಹಾಕಿಬಿಡೋಣ ಸ್ವಾಮಿ" ಎಂದೆ. "ಅರ್ಧಂಬರ್ಧ ಯಾಕೆ?"