ಟೈಂಕೀಪರರ ಕಾಗದದ ಹೂದೋಟ

"ಈ ಸಲ ಗಡಿಯಾರ ಇಲ್ಲ! ಈ ಸಲ ಉಡುಗೊರೆ ನನ್ನ ಈ ಹತ್ತು ಬೆರಳಿನಿಂದಲೇ ಹುಟ್ಟಬೇಕು!"

ಟೈಂಕೀಪರರು ಹೀಗೆ ಘೋಷಿಸಿದ್ದು ಖಾಲಿ ಮನೆಗೆ. ಹೆಂಡತಿ ತಂಗಿಯ ಮನೆಗೆ ಎರಡು ದಿನಕ್ಕೆಂದು ಹೊರಟು ಆಗಲೇ ಇಪ್ಪತ್ತು ನಿಮಿಷವಾಗಿತ್ತು. ಇಪ್ಪತ್ತೇ, ಹತ್ತೊಂಬತ್ತಲ್ಲ! ಬಸ್ ಡಿಪೋದಲ್ಲಿ ಮೂವತ್ತಮೂರು ವರ್ಷ ಸೀಟಿ ಊದಿ, ಬಸ್ಸುಗಳನ್ನು ಹೊರಡಿಸಿ, ತಡವಾಗಿ ಬಂದ ಡ್ರೈವರುಗಳ ಹೆಸರಿನ ಮುಂದೆ ಕೆಂಪು ಗೆರೆ ಎಳೆದವರಿಗೆ ನಿಮಿಷದ ವಿಷಯದಲ್ಲಿ ತಪ್ಪಾಗುವುದಿಲ್ಲ. ನಿವೃತ್ತಿಯಾಗಿ ಐದು ತಿಂಗಳಾದರೂ ಬೀದಿಯವರ ಬಾಯಲ್ಲಿ ಅವರು ಟೈಂಕೀಪರರೇ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿರುವ ಅವರ ಹೆಂಡತಿ ಎಲ್ಲರಿಗೂ ಟೈಲರಮ್ಮ.

ಇಬ್ಬರ ಮದುವೆಗೆ ಆ ವಾರಕ್ಕೆ ಮೂವತ್ತು ವರ್ಷ ತುಂಬುತ್ತಿತ್ತು. ಅಷ್ಟು ವರ್ಷದಲ್ಲಿ ಟೈಂಕೀಪರರು ಕೊಟ್ಟ ಉಡುಗೊರೆಗಳೆಲ್ಲ ಗೋಡೆಯ ಮೇಲೇ ಇದ್ದವು. ಏಳು ಗಡಿಯಾರ! ಅಡುಗೆಮನೆಯೊಂದರಲ್ಲೇ ಎರಡು. ಏಳನೆಯದರ ಪೊಟ್ಟಣ ಬಿಚ್ಚಿದ ದಿನ ಟೈಲರಮ್ಮ ನಕ್ಕುಬಿಟ್ಟಿದ್ದರು.

"ರೀ, ಹೊತ್ತೆಷ್ಟು ಅಂತ ನನಗೆ ಚೆನ್ನಾಗಿ ಗೊತ್ತಾಯ್ತು. ಒಂದೇ ಒಂದ್ಸಲ ನಿಮ್ಮ ಕೈಯಾರೆ ಏನಾದ್ರೂ ಮಾಡಿಕೊಡ್ರೀ. ಸೊಟ್ಟಗಿದ್ರೂ ಪರವಾಗಿಲ್ಲ."

ನಗುತ್ತಲೇ ಹೇಳಿದ ಮಾತು. ಆದರೆ ಅದು ಟೈಂಕೀಪರರ ಮನಸ್ಸಿನಲ್ಲಿ ಮುರಿದ ಸೂಜಿಯ ತುದಿಯಂತೆ ಉಳಿದುಬಿಟ್ಟಿತ್ತು. ನಿಜ ತಾನೇ? ಮೂವತ್ತು ವರ್ಷದಿಂದ ಅವರು ತೊಟ್ಟ ಒಂದೊಂದು ಅಂಗಿಯೂ ಆಕೆ ಹೊಲಿದದ್ದು. ಅವರು ತಿರುಗಿ ಒಂದು ಗುಂಡಿ ಹಾಕಿಕೊಟ್ಟದ್ದೂ ಇಲ್ಲ. ಅಂಗಿ ಅಂದಮೇಲೆ ಹೇಳಲೇಬೇಕು: ಅವರ ಅಂಗಿಗಳಿಗೆ ಒಂದು ಶಾಪವಿತ್ತು. ಹೊಸತರಲ್ಲಿ ಚೆನ್ನಾಗಿರುತ್ತಿದ್ದವು, ವರ್ಷ ತುಂಬುವುದರೊಳಗೆ ಮೂರನೆಯ ಗುಂಡಿ ನರಳತೊಡಗುತ್ತಿತ್ತು. "ಬಟ್ಟೆ ಕುಗ್ಗಿದೆ ರೀ. ಈಗಿನ ಬಟ್ಟೆಗಳೇ ಹಾಗೆ" ಎನ್ನುತ್ತಿದ್ದರು ಟೈಲರಮ್ಮ. ಈ ಕುಗ್ಗುವ ಬಟ್ಟೆಯ ದೆಸೆಯಿಂದ ಟೈಂಕೀಪರರು ನಾಲ್ಕು ಬಟ್ಟೆ ಅಂಗಡಿಗಳ ಜೊತೆ ಜಗಳವಾಡಿ ಮಾತು ಬಿಟ್ಟಿದ್ದರು.

ಇರಲಿ. ಫೋನಿನ ವಿಡಿಯೋದಲ್ಲಿ ಒಬ್ಬ ಹುಡುಗಿ ಹೂ ಬಿಟ್ಟಂಥ ನಗು ಬೀರಿ, "ಕಸದಿಂದ ರಸ! ಹಳೇ ಕಾಗದ, ಗುಂಡಿ, ಲೇಸು, ಬಣ್ಣ, ಎಲ್ಲಾ ಸೇರಿಸಿ ಅಂಟಿಸಿದ್ರೆ ಆಯ್ತು. ಇದಕ್ಕೆ ಮಿಕ್ಸೆಡ್ ಮೀಡಿಯಾ ಅಂತಾರೆ. ಹತ್ತೇ ನಿಮಿಷ!" ಎಂದಳು. ಹತ್ತು ನಿಮಿಷ ಅಂದ ಕೂಡಲೇ ಟೈಂಕೀಪರರು ಡಿಪೋದ ಹಳೆಯ ಅಭ್ಯಾಸದಂತೆ ನೋಟ್‌ಬುಕ್ ತೆರೆದು ಬರೆದರು: '9.05, ಮೈದಾ ಅಂಟು ಕುದಿಸಲು ಆರಂಭ. 9.20, ಅಂಟು ಪಾತ್ರೆಗೇ ಅಂಟಿತು. 9.35, ಎರಡನೇ ಅಂಟು. ನೀರು ಜಾಸ್ತಿ. ನಡೆಯುತ್ತೆ.'

ಹಳೆಯ ಕಪಾಟಿನ ಬಾಗಿಲೊಂದು ಹಲಗೆಯಾಯಿತು. ಗುಂಡಿ, ಲೇಸು, ದಾರಕ್ಕೆ ಟೈಲರ್ ಮನೆಯಲ್ಲಿ ಬರವೇ? ಬೇಕಿದ್ದದ್ದು ಕಾಗದ. ಗೋಡೆಯ ಕೊಕ್ಕೆಗಳಲ್ಲಿ ಟೈಲರಮ್ಮನ ಕಂದು ಕಾಗದದ ಕಟಿಂಗುಗಳು ತೂಗುತ್ತಿದ್ದವು. ಒಬ್ಬೊಬ್ಬ ಗಿರಾಕಿಯ ಅಳತೆಗೆ ಒಂದೊಂದು ಕತ್ತರಿಸಿಟ್ಟುಕೊಂಡರೆ ಮುಂದಿನ ಸಲ ಅದನ್ನೇ ಬಟ್ಟೆಯ ಮೇಲಿಟ್ಟು ಕತ್ತರಿ ಆಡಿಸಬಹುದು. ಅವನ್ನು ಮುಟ್ಟುವಷ್ಟು ದಡ್ಡರೇ ಟೈಂಕೀಪರರು? ಕೈ ಮುಗಿದು ದೂರ ನಿಂತರು. ಮಂಚದ ಕೆಳಗೊಂದು ತಗಡಿನ ಟ್ರಂಕಿತ್ತು. ಎಳೆದು ತೆರೆದರೆ ಅದರ ತುಂಬ ಅಂಥದೇ ಕಾಗದ, ಹಳೆಯದು, ಅಂಚು ಹರಿದದ್ದು, ತೇಪೆ ಹಾಕಿದ್ದು. ಡಿಪೋದ ತರ್ಕ ಕೂಡಲೇ ಕೈಹಿಡಿಯಿತು: ಕೊಕ್ಕೆಯಲ್ಲಿರುವುದು ಓಡುವ ಬಸ್ಸು, ಟ್ರಂಕಿನಲ್ಲಿರುವುದು ಗುಜರಿ!

ಎರಡು ದಿನ ಆ ಮನೆಯಲ್ಲಿ ಕಲೆ ಎಂಬುದು ಮೈಮೇಲೆ ಬಂದವರಂತೆ ಕುಣಿಯಿತು. ಕಾಗದಗಳ ಮೇಲೆ ಹೆಸರಿರಲಿಲ್ಲ. ಬದಲಿಗೆ ಪುಟ್ಟ ಚಿತ್ರಗಳಿದ್ದವು, ಒಂದಕ್ಕೆ ಕೊಡೆ, ಒಂದಕ್ಕೆ ಬೀಗದ ಕೈ, ಒಂದಕ್ಕೆ ಶಾಲೆಯ ಗಂಟೆ. ಪಕ್ಕದಲ್ಲಿ ಹೆಂಡತಿಯ ಅಕ್ಷರದಲ್ಲಿ ಏನೇನೋ ಟಿಪ್ಪಣಿ. ಬರಹವೂ ಕಲೆಯೇ ಅಂದುಕೊಂಡು ಅಕ್ಷರ ಹೊರಗೆ ಕಾಣುವಂತೆಯೇ ಎಸಳು ಕತ್ತರಿಸಿದರು. ಒಂದೇ ಕಾಗದದ ಎಸಳೆಲ್ಲ ಒಂದೇ ಹೂವಿಗೆ ಬಿದ್ದರೆ ನೋಟ ಸಪ್ಪೆ ಅಂತ ಹನ್ನೊಂದು ಹೂಗಳಿಗೂ ಹಂಚಿದರು. ಹಂಚಿದ್ದನ್ನೆಲ್ಲ ನಿಮಿಷ ಸಮೇತ ಬರೆದರು.

ಕೊನೆಗೆ ನಡುವಿನ ದೊಡ್ಡ ಸೂರ್ಯಕಾಂತಿಗೆ ದೊಡ್ಡ ಕಾಗದವೊಂದು ಬೇಕಾಯಿತು. ಟ್ರಂಕಿನ ತಳದಲ್ಲಿ ಸಿಕ್ಕಿತು ನೋಡಿ, ಅಂಚಿಗೆ ಪಟ್ಟಿ ಅಂಟಿಸಿ, ಆ ಪಟ್ಟಿಗೆ ಇನ್ನೊಂದು ಪಟ್ಟಿ ಅಂಟಿಸಿ ವರ್ಷದಿಂದ ವರ್ಷಕ್ಕೆ ಅಗಲ ಮಾಡಿದ ಮಹಾಕಾಗದ! ಮೂಲೆಯಲ್ಲೊಂದು ಪುಟ್ಟ ಗಡಿಯಾರದ ಚಿತ್ರ. ಪಕ್ಕದಲ್ಲಿ ಹೀಗಿತ್ತು: 'ಹೊಟ್ಟೆ ಮುಂದೆ. ಕೇಳಿದರೆ ಬಟ್ಟೆ ಕುಗ್ಗಿದೆ ಅನ್ನುವುದು.'

ಟೈಂಕೀಪರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಪಾಪ, ಯಾವ ಬಡಪಾಯಿಯೋ! ನಂಬಿಯೂ ಬಿಟ್ಟಿರ್ತಾನೆ! ಗಡಿಯಾರದ ಹುಚ್ಚು ಬೇರೆ ಅವನಿಗೆ, ನನ್ನ ಹಾಗೇ!" ಎಂದು ಕಣ್ಣೊರೆಸಿಕೊಂಡು, ಅದನ್ನು ಗುಂಡಗೆ ಮಡಚಿ, ಟಿಪ್ಪಣಿ ಎದ್ದು ಕಾಣುವಂತೆ ನಟ್ಟನಡುವೆ ಅಂಟಿಸಿ, ಸುತ್ತ ಚಿನ್ನದ ಬಣ್ಣ ಬಳಿದರು.

ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಟೈಲರಮ್ಮ ಬಂದರು. ಹಲಗೆ ಎದುರಿಗೇ ಗೋಡೆಗೊರಗಿ ನಿಂತಿತ್ತು. ಆಕೆಯ ಕೈಯ ಚೀಲ ಅಲ್ಲೇ ಕೆಳಗಿಳಿಯಿತು.

"ನೀವೇ ಮಾಡಿದ್ರಾ?"

"ಮತ್ಯಾರು? ಈ ಹತ್ತೇ ಬೆರಳು! ಕೈಯಾರೆ ಅಂದಿದ್ಯಲ್ಲ?"

ಆಕೆಯ ಕಣ್ಣು ತುಂಬಿತು. ಟೈಂಕೀಪರರ ಎದೆ ಉಬ್ಬಿತು, ಮೂರನೆಯ ಗುಂಡಿ ನರಳಿತು. ಟೈಲರಮ್ಮ ಹತ್ತಿರ ಹೋಗಿ ಒಂದು ಎಸಳನ್ನು ಮೆಲ್ಲನೆ ಮುಟ್ಟಿದರು. ಅದರ ಮೇಲಿದ್ದದ್ದನ್ನು ಓದಿದರು. ಇನ್ನೊಂದನ್ನು ಓದಿದರು. ಮುಖದ ಬಣ್ಣ ಇಳಿಯಿತು.

"ರೀ... ಈ ಕಾಗದ ಎಲ್ಲಿಂದ ತಗೊಂಡ್ರಿ?"

"ಟ್ರಂಕಿಂದ ಕಣೇ. ಗುಜರಿ!"

"ಗುಜರಿ ಅಲ್ಲಾರೀ! ಕೊಕ್ಕೇಲಿರೋದು ಯಾರು ಬೇಕಾದ್ರೂ ನೋಡಬಹುದಾದ ಅಳತೆ. ಟ್ರಂಕಲ್ಲಿರೋದು ಯಾರೂ ನೋಡಬಾರದ್ದು! ಒಬ್ಬರ ಬೆನ್ನು ಗೂನು, ಒಬ್ಬರಿಗೆ ಆಪರೇಷನ್ ಆಗಿದೆ, ಒಬ್ಬರ ಕಾಲು ಗಿಡ್ಡ. ನನ್ನ ನಂಬಿ ಬಂದವರು. ಅದಕ್ಕೇ ಹೆಸರೂ ಬರೀದೆ ಚಿತ್ರ ಬರೆದಿಟ್ಟಿದ್ದೆ. ನೀವು ತಂದು ಹಾಲ್‌ನಲ್ಲಿ ಪ್ರದರ್ಶನಕ್ಕಿಟ್ಟಿದ್ದೀರಿ, ಅದೂ ಚಿನ್ನದ ಬಣ್ಣ ಬಳಿದು!"

ಟೈಂಕೀಪರರು ಚಿನ್ನದ ಬಣ್ಣ ಹತ್ತಿದ ಹತ್ತು ಬೆರಳನ್ನೂ ಬೆನ್ನ ಹಿಂದೆ ಅಡಗಿಸಿದರು.

"ಯಾವ ಕತ್ತರೀಲಿ ಕತ್ತರಿಸಿದ್ರಿ?"

"ಅದೇ... ದೊಡ್ಡದು..."

"ಬಟ್ಟೆ ಕತ್ತರೀಲಿ ಕಾಗದ!" ಟೈಲರಮ್ಮ ಸ್ಟೂಲಿನ ಮೇಲೆ ಕುಸಿದು ಕುಳಿತರು. ಮೊದಲಿನದನ್ನಾದರೂ ಮರೆಯಬಹುದು, ಇದನ್ನು ಯಾವ ಟೈಲರೂ ಕ್ಷಮಿಸುವುದಿಲ್ಲ. ಆಮೇಲೆ ಏನೋ ನೆನಪಾಗಿ ತಟ್ಟನೆ ಎದ್ದರು. "ಅಯ್ಯೋ, ಹೆಡ್‌ಮೇಡಂ ಕಾಗದ! ಗಂಟೆ ಚಿತ್ರದ್ದು!"

ಹೆಡ್‌ಮೇಡಂ ಎಂದರೆ ಬೀದಿಯ ತುದಿಯ ಶಾಲೆಯವರು. ಅವರು ನಡೆದು ಬಂದರೆ ಗದ್ದಲವೂ ಸಾಲಾಗಿ ನಿಲ್ಲುತ್ತದೆ, ಅಷ್ಟು ನೆಟ್ಟಗಿನ ನಡಿಗೆ. ಮರುದಿನ ಅವರ ಬೀಳ್ಕೊಡುಗೆ. ವೇದಿಕೆಗೆಂದು ಹೊಸ ಕೋಟಿನ ಬಟ್ಟೆ ಕೊಟ್ಟಿದ್ದರು. ಸಂಜೆ ಐದಕ್ಕೆ ತೊಟ್ಟು ನೋಡಲು ಬರುವವರಿದ್ದರು.

"ಇನ್ನೊಂದ್ಸಲ ಅಳತೆ ತಗೊಂಡ್ರಾಯ್ತಲ್ಲ?" ಟೈಂಕೀಪರರು ಮೆಲ್ಲಗೆ ಅಂದರು.

"ಅವರ ಎಡ ಹೆಗಲು ಮುಕ್ಕಾಲು ಇಂಚು ತಗ್ಗು ರೀ. ಚಿಕ್ಕಂದಿನಲ್ಲಿ ಬಿದ್ದದ್ದಂತೆ. ಟೇಪ್ ಹೆಗಲಿಗಿಟ್ರೆ ಮುಖ ಬಾಡುತ್ತೆ. ಅವರು ಹೇಳಿಲ್ಲ, ನಾನು ಕೇಳಿಲ್ಲ. ಮೂರು ಕೋಟು ಹೊಲಿದು, ತಿದ್ದಿ ತಿದ್ದಿ, ಒಳಗೆ ಎಷ್ಟು ಹತ್ತಿ ಇಟ್ರೆ ನೆಟ್ಟಗೆ ಕಾಣ್ತಾರೆ ಅಂತ ಆ ಕಾಗದ ಮಾಡ್ಕೊಂಡಿದ್ದೆ. ನಾಳೆ ಅಷ್ಟು ಮಕ್ಕಳ ಮುಂದೆ ಅವರು ಸೊಟ್ಟಗೆ ನಿಂತ್ರೆ..."

ಟೈಂಕೀಪರರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಂದು ಸಲ ಕೈಯಾರೆ ಮಾಡಿದ್ದಕ್ಕೆ ಆಕೆಯ ಮೂವತ್ತು ವರ್ಷದ ನಂಬಿಕೆಯನ್ನೇ ಕತ್ತರಿಸಿ ಹೂ ಮಾಡಿಬಿಟ್ಟಿದ್ದರು. ಆಗಲೇ ನೋಟ್‌ಬುಕ್ ನೆನಪಾಯಿತು.

"ಇದೆ ಕಣೇ! ಎಲ್ಲಾ ಬರೆದಿದ್ದೀನಿ! ಕೇಳು, '10.42, ಗಂಟೆ ಕಾಗದ, ಮೊದಲ ತುಂಡು, ಎರಡನೇ ಹೂವು, ಎಡಕ್ಕೆ. 10.47, ಅದರದೇ ಎರಡನೇ ತುಂಡು, ಒಂಬತ್ತನೇ ಹೂವು, ಕೆಳಗೆ...'"

ಟೈಲರಮ್ಮ ಗಂಡನ ಮುಖವನ್ನೂ ನೋಟ್‌ಬುಕ್ಕನ್ನೂ ನೋಡಿದರು. "ಈ ಪುಸ್ತಕಾನ ಒಂದಿನ ಒಲೆಗೆ ಹಾಕ್ತೀನಿ ಅಂತಿದ್ದೆ. ಓದಿ!"

ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯ ಹಬೆ ಕೊಟ್ಟರು. ಅಂಟಿಗೆ ನೀರು ಜಾಸ್ತಿಯಾಗಿದ್ದೇ ಪುಣ್ಯ, ಎಸಳುಗಳು ಸಲೀಸಾಗಿ ಬಿಟ್ಟುಕೊಂಡವು. ಅವರು ಓದುವುದು, ಆಕೆ ಬಿಡಿಸುವುದು. ಹತ್ತೊಂಬತ್ತು ತುಂಡುಗಳನ್ನು ಕತ್ತರಿಸುವ ಮೇಜಿನ ಮೇಲೆ ಒಡೆದ ತಟ್ಟೆಯಂತೆ ಜೋಡಿಸಿದರು. ಊಟ ಯಾರಿಗೂ ನೆನಪಾಗಲಿಲ್ಲ. ಎರಡಕ್ಕೆ ಬಟ್ಟೆ ಕತ್ತರಿಸಿ ಆಯಿತು. ಮೂರೂವರೆಗೆ ಕಚ್ಚಾ ಹೊಲಿಗೆ. ನಾಲ್ಕೂವರೆಗೆ ಕೋಟಿಗೆ ತೋಳು ಬಂತು. ನಾಲ್ಕೂವರೆಗೇ ಹೆಡ್‌ಮೇಡಂ ಕೂಡ ಬಂದರು! ತಡವಾಗಿ ಬಂದವರಿಗೆ ಏನು ಮಾಡಬೇಕೆಂದು ಟೈಂಕೀಪರರಿಗೆ ಗೊತ್ತಿತ್ತು. ಮುಂಚೆ ಬಂದವರಿಗೆ ಅವರ ರಿಜಿಸ್ಟರಿನಲ್ಲಿ ಕಾಲಮ್ಮೇ ಇರಲಿಲ್ಲ. ಮೇಜಿಗೆ ಬಟ್ಟೆ ಮುಚ್ಚುವಷ್ಟರಲ್ಲಿ ಹೆಡ್‌ಮೇಡಂ ಕನ್ನಡಕ ಏರಿಸಿ ಓದಿಯೇ ಬಿಟ್ಟರು:

"'ಎಡ ಹೆಗಲು ಮುಕ್ಕಾಲು ತಗ್ಗು. ಹತ್ತಿ ಇಡು. ಅವರಿಗೆ ಗೊತ್ತಾಗಬಾರದು.'"

ಟೈಂಕೀಪರರು ಮೇಜಿಗೂ ಹೆಡ್‌ಮೇಡಂಗೂ ನಡುವೆ ಬಂದು ನಿಂತರು.

"ಮೇಡಂ, ತಪ್ಪು ನಂದು. ಇವಳದ್ದೇನೂ ಇಲ್ಲ..." ಟೈಂಕೀಪರರು ತಡವರಿಸಿದರು.

ಹೆಡ್‌ಮೇಡಂ ಕನ್ನಡಕ ತೆಗೆದು ಒರೆಸಿದರು. "ಹತ್ತಿ ಇದೆ ಅಂತ ನನಗೆ ಮೊದಲ ಕೋಟಿನಿಂದಲೇ ಗೊತ್ತು ಟೈಲರಮ್ಮ. ನನಗೆ ಗೊತ್ತಾಯ್ತು ಅಂತ ನಿಮಗೆ ಗೊತ್ತಾದ್ರೆ ಎಲ್ಲಿ ಬೇಜಾರು ಮಾಡ್ಕೋತೀರೋ ಅಂತ ಸುಮ್ಮನಿದ್ದೆ. ಈ ಸಲಾನೂ ಇರಲಿ. ನಾಳೆ ಒಂದಿನ ಮಕ್ಕಳಿಗೆ ನೆಟ್ಟಗೇ ಕಾಣ್ತೀನಿ."

ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತರು. ಹೆಗಲೆರಡೂ ಗೆರೆ ಎಳೆದಂತೆ ಸಮ. ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು, ಅದು ಇಸ್ತ್ರಿಯ ಹಬೆ ಅಂದರು.

ಹೊರಡುವಾಗ ಹೆಡ್‌ಮೇಡಂ ಗೋಡೆಯ ಕಡೆ ತಿರುಗಿದರು. ಎಸಳು ಉದುರಿದ ತೋಟದ ನಡುವೆ ಸೂರ್ಯಕಾಂತಿ ಮಾತ್ರ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿತ್ತು.

"ಇದ್ಯಾರು ಈ ಮಹಾನುಭಾವರು? 'ಹೊಟ್ಟೆ ಮುಂದೆ. ಕೇಳಿದರೆ ಬಟ್ಟೆ ಕುಗ್ಗಿದೆ ಅನ್ನುವುದು!'"

ಗಂಡಾಂತರ ಕಳೆದ ಖುಷಿಯಲ್ಲಿ ಟೈಂಕೀಪರರು ಗಹಗಹಿಸಿ ನಕ್ಕರು. "ಅದನ್ನ ಓದಿ ನಾನೂ ನಕ್ಕಿದ್ದೇ ನಕ್ಕಿದ್ದು ಮೇಡಂ! ಯಾರೇ ಅದು ಪುಣ್ಯಾತ್ಮ?"

ಟೈಲರಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನೆಲ ನೋಡುತ್ತಿದ್ದರು. ಹೆಡ್‌ಮೇಡಂ ಗಡಿಯಾರದ ಚಿತ್ರವನ್ನು ನೋಡಿದರು. ಗೋಡೆಯ ಮೇಲಿನ ಗಡಿಯಾರಗಳನ್ನು ನೋಡಿದರು. ಆಮೇಲೆ ಟೈಂಕೀಪರರ ಅಂಗಿಯ ಮೂರನೆಯ ಗುಂಡಿ ನೋಡಿದರು. ನಗುತ್ತಿದ್ದ ಟೈಂಕೀಪರರೂ ಅದನ್ನೇ ನೋಡಿದರು. ನಗು ಅರ್ಧ ದಾರಿಯಲ್ಲೇ ಕೆಟ್ಟು ನಿಂತಿತು!

"ನಾನು ಬರ್ತೀನಿ" ಎಂದು ಹೆಡ್‌ಮೇಡಂ ಬೇಗ ಬೇಗ ಮೆಟ್ಟಿಲಿಳಿದರು. ಬೀದಿಯಲ್ಲಿ ಅವರು ನಕ್ಕ ಸದ್ದು ಮನೆಯೊಳಗೂ ಕೇಳಿತು.

ಟೈಂಕೀಪರರು ಸೂರ್ಯಕಾಂತಿಯನ್ನು ತಾವೇ ಬಿಡಿಸಿ ಮೇಜಿನ ಮೇಲೆ ಹರಡಿದರು. ಪಟ್ಟಿಯ ಪಕ್ಕದಲ್ಲಿ ಪಟ್ಟಿ, ಒಂದೊಂದರ ಮೇಲೂ ವರ್ಷ. ನಾಲ್ಕು ಬಟ್ಟೆ ಅಂಗಡಿಯವರ ಮುಖ ಸಾಲಾಗಿ ಕಣ್ಣ ಮುಂದೆ ಬಂತು. ಪಟ್ಟಿಗಳನ್ನೆಲ್ಲ ದಾಟಿ ಒಳಗೆ ಹೋದರೆ ಮೂಲ ಕಾಗದ, ಎದೆ ಮೂವತ್ತನಾಲ್ಕು, ಹಂಚಿಕಡ್ಡಿಯಂಥ ಹುಡುಗನದು. ಅಲ್ಲಿ ಮಾಸಿದ ಅಕ್ಷರದಲ್ಲಿ ಬರೆದಿತ್ತು: 'ಮೊದಲ ಅಂಗಿ. ಒಳಗೆ ಎರಡಿಂಚು ಮಡಚಿ ಬಿಡು. ಮುಂದೆ ಬೇಕಾಗುತ್ತೆ.'

"ದಪ್ಪ ಆಗ್ತೀನಿ ಅಂತ ಆಗಲೇ ಗೊತ್ತಿತ್ತೇನೇ?"

"ದಪ್ಪ ಆಗ್ತೀರೋ ಇಲ್ವೋ ಯಾರಿಗ್ಗೊತ್ತಿತ್ತು? ಬಹಳ ವರ್ಷ ಜೊತೇಗಿರ್ತೀರಿ ಅಂತ ಗೊತ್ತಿತ್ತು."

ಟೈಂಕೀಪರರು ಆ ಕಾಗದವನ್ನು ನೀಟಾಗಿ ಮಡಚಿ ಟ್ರಂಕಿನ ತಳಕ್ಕೇ ಸೇರಿಸಿದರು. ಟೈಲರಮ್ಮ ಏಳನೆಯ ಗಡಿಯಾರವನ್ನು ಗೋಡೆಯಿಂದ ಇಳಿಸಿದರು. ಗುಟ್ಟಿನ ಎಸಳುಗಳನ್ನೆಲ್ಲ ತೆಗೆದ ಮೇಲೆ ಉಳಿದದ್ದು ಬರಹವಿಲ್ಲದ ಎಸಳಿನ ನಾಲ್ಕೇ ಅರೆಬೋಳು ಹೂವು, ಲೇಸು ಮತ್ತು ಗುಂಡಿಗಳು. ಆ ಹಲಗೆಯನ್ನು ಅದೇ ಮೊಳೆಗೆ ತೂಗುಹಾಕಿ ದೂರ ನಿಂತು ನೋಡಿದರು.

"ಸೊಟ್ಟಗಿದೆ ಕಣೇ" ಎಂದರು ಟೈಂಕೀಪರರು.

"ಇರಲಿ ಬಿಡಿ. ನಾನು ಕೇಳಿದ್ದೇ ಅಂಥದ್ದು."

ಮರುದಿನ ಬೀಳ್ಕೊಡುಗೆಗೆ ಹೊರಡುವಾಗ ಟೈಂಕೀಪರರು ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟರು. ಉಸಿರು ಎಳೆದು ಗುಂಡಿ ಹಾಕಿದರು, ಉಸಿರು ಬಿಟ್ಟರು. ಮೂರನೆಯ ಗುಂಡಿ ಟಪ್ಪನೆ ಹಾರಿ ಕನ್ನಡಿಗೆ ಬಡಿಯಿತು. ಇಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿದರು. ಟೈಂಕೀಪರರು ಕೆಮ್ಮಿದರು.

"ಬಟ್ಟೆ ಕುಗ್ಗಿದೆ ಕಣೇ."

ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಾ, ಒಂದಿಷ್ಟೂ ನಗದೆ ಹೇಳಿದರು: "ಹೌದು ರೀ. ಈಗಿನ ಬಟ್ಟೆಗಳೇ ಹಾಗೆ."