ಸ್ಮರಣ ಸಂಚಿಕೆಯ ಹಿಂದೆ ಅಡಗಿದ್ದ ಕಾದಂಬರಿ

ಓದುವ ಹವ್ಯಾಸ ಸತ್ತೇಹೋಯಿತು ಎಂದು ಮೈಕಿನ ಮುಂದೆ ಕಣ್ಣೀರು ಹಾಕುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರಲ್ಲಿ ಹೆಚ್ಚಿನವರು ಪುಸ್ತಕ ಮುಟ್ಟಿ ವರ್ಷಗಳೇ ಆಗಿರುತ್ತವೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಬೇಡಿ. ಆ ಭಾಷಣವನ್ನು ನಾನೇ ನಾಲ್ಕಾರು ಕಡೆ ಮಾಡಿ ಶಾಲು ಹೊದೆಸಿಕೊಂಡು ಬಂದಿದ್ದೇನೆ. ಯಾಕೆಂದರೆ ನನ್ನ ವಿಸಿಟಿಂಗ್ ಕಾರ್ಡಿನ ಮೇಲೆ ‘ಗೌರವ ಗ್ರಂಥಪಾಲ’ ಎಂದು ಅಚ್ಚಾಗಿದೆ.

ಜೋಗೇಶ್ವರಿ ಲೋಕಲ್ ರೈಲು ಸ್ಟೇಷನ್ನಿನ ಪೂರ್ವಕ್ಕೆ, ಹಳೆಯ ಬಿಲ್ಡಿಂಗೊಂದರ ಮೊದಲ ಮಾಳಿಗೆಯಲ್ಲಿ ನಮ್ಮ ಕನ್ನಡ ಸಂಘವಿದೆ. ಪರೇಲಿನ ಆಫೀಸಿನಿಂದ ನಾನು ನಿವೃತ್ತನಾದ ವಾರದಲ್ಲೇ ಹೆಂಡತಿ, “ಇರೋದು ಒಂದೂವರೆ ಕೋಣೆ. ಇಡೀ ದಿನ ನಿಮ್ಮನ್ನ ಎಲ್ಲಿ ಇಟ್ಕೊಳ್ಳಲಿ?” ಎಂದು ಕೇಳಿದಳು. ಸಂಘದವರು ಇಟ್ಟುಕೊಂಡರು. ಹನ್ನೊಂದು ವರ್ಷ ಫ್ಯಾನಿನ ಕೆಳಗಿನ ಆ ಮೇಜಿಗೆ ಅಂಟಿಕೊಂಡು ಗ್ರಂಥಾಲಯ ಕಾದೆ. ಮೊದಮೊದಲು ಪೇಪರಿನ ಸುಡೊಕು ತುಂಬುತ್ತಿದ್ದೆ. ಆಮೇಲೆ ಮಗಳು ದೊಡ್ಡ ಫೋನು ಕೊಡಿಸಿದಳು. ಅಲ್ಲಿಂದ ಮುಂದೆ, ಯಾವುದೋ ಊರಿನಲ್ಲಿ ಯಾರೋ ಕಾವಲಿಯ ಮೇಲೆ ದೋಸೆ ಹುಯ್ಯುವುದನ್ನು ಗಂಟೆಗಟ್ಟಲೆ ನೋಡುತ್ತ ಕೂರುತ್ತಿದ್ದೆ. ನಿಜವಾಗಿ ದೋಸೆ ಹುಯ್ಯುವವರು ಎದುರಿನ ಬೆಂಚಿನಲ್ಲಿ ಕೂತು ಕಾದಂಬರಿ ಓದುತ್ತಿದ್ದರು.

ಅವರೇ ಶೀನಣ್ಣ. ಉಡುಪಿ ಕಡೆಯವರು, ಪಕ್ಕದ ಗಲ್ಲಿಯ ಹೋಟೆಲಿನಲ್ಲಿ ಮೂವತ್ತು ವರ್ಷದಿಂದ ಕಾವಲಿಯ ಮುಂದೆ ನಿಂತವರು. ಮಧ್ಯಾಹ್ನ ಮೂರರಿಂದ ಐದರವರೆಗೆ ಹೋಟೆಲು ತಣ್ಣಗಿರುತ್ತದೆ. ಉಳಿದವರು ಅಟ್ಟ ಹತ್ತಿ ಅಡ್ಡಾದರೆ ಶೀನಣ್ಣ ಎರಡೆರಡು ಸಲ ಕೈ ತೊಳೆದು ನಮ್ಮಲ್ಲಿಗೆ ಬರುತ್ತಿದ್ದರು. ಮನೆಗೆ ಒಯ್ಯಿರಿ ಎಂದು ಒಮ್ಮೆ ಧಾರಾಳತನ ತೋರಿಸಿದ್ದೆ. “ಅಟ್ಟದಲ್ಲಿ ಒಂಬತ್ತು ಜನ ಮಲಗುದು ಸಾರ್. ತಲೆದಿಂಬಿಗೇ ಜಾಗ ಇಲ್ಲ, ಪುಸ್ತಕಕ್ಕೆ ಎಲ್ಲುಂಟು?” ಎಂದಿದ್ದರು. ಹಾಗಾಗಿ ಓದಿದಲ್ಲಿಗೆ ಪಾರ್ಸೆಲ್ ಕಾಗದದ ಚೂರೊಂದನ್ನು ಇಟ್ಟು, ಬೇರೆ ಯಾರೂ ಒಯ್ಯದಿರಲಿ ಎಂದು ಪುಸ್ತಕವನ್ನು ಅಡಗಿಸಿ ಹೋಗುತ್ತಿದ್ದರು. ಅಡಗಿಸುತ್ತಿದ್ದದ್ದು ಸಂಘದ ಸ್ಮರಣ ಸಂಚಿಕೆಗಳ ಹಿಂದೆ. ಅವುಗಳನ್ನು ಅಚ್ಚುಹಾಕಿದ ದಿನದಿಂದ ಯಾರೂ ಮುಟ್ಟಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾನೂ ಕಂಡು ಕಾಣದ ಹಾಗೆ ಇರುತ್ತಿದ್ದೆ. ಕಡೆಯದಾಗಿ ಓದುತ್ತಿದ್ದದ್ದು ಕೆಂಪು ರಟ್ಟಿನ ಒಂದು ಹಳೆಯ ಕಾದಂಬರಿ. ಅದರ ಮೊದಲ ಪುಟಗಳೇ ಹರಿದುಹೋಗಿದ್ದರಿಂದ ಹೆಸರೇನೆಂದು ಓದುತ್ತಿದ್ದವರಿಗೂ ಗೊತ್ತಿರಲಿಲ್ಲ.

ಅಲ್ಲೇ ಕೂತು ಓದುವವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಇತ್ತೋ ಏನೋ, ಸೋಮಾರಿತನದಿಂದ ನಾನೇ ಬಿಟ್ಟಿದ್ದೆ. ಹೊಸ ಕಾರ್ಯದರ್ಶಿ ಮಲ್ಲನಗೌಡರು ವಿಜಯಪುರದ ಕಡೆಯವರು, ಕಟ್ಟಡದ ಕಾಂಟ್ರಾಕ್ಟರು. ಒಂದು ದಿನ ರಿಜಿಸ್ಟರು ತಿರುವಿ, “ಸರ, ವರ್ಷದಾಗ ಒಬ್ಬರೂ ಪುಸ್ತಕ ಒಯ್ದಿಲ್ಲಲ್ರೀ! ಸುಮ್ನ ಧೂಳ ಯಾಕ ಸಾಕೂದು? ಡಿಜಿಟಲ್ ಮಾಡಿಬಿಡೂಣು, ಎಸಿನೂ ಹಾಕ್ಸೂಣು,” ಎಂದರು. ಓದುವವರು ಇದ್ದಾರೆ ಎಂದು ನಾನು ಒಂದು ಮಾತು ಹೇಳಬೇಕಿತ್ತು. ಎಸಿ ಎಂದು ಕಿವಿಗೆ ಬಿದ್ದದ್ದೇ ತಡ, ಸಭೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದದ್ದು ನನ್ನ ಕೈ.

ಮೊದಲು ಏನನ್ನು ಸ್ಕ್ಯಾನ್ ಮಾಡಬೇಕು ಎಂಬುದರಲ್ಲಿ ಸಮಿತಿಗೆ ಭಿನ್ನಾಭಿಪ್ರಾಯವೇ ಬರಲಿಲ್ಲ. ಸ್ಮರಣ ಸಂಚಿಕೆಗಳಲ್ಲಿ ಸಮಿತಿಯವರೆಲ್ಲರ ಫೋಟೋಗಳಿದ್ದವು. ಅವನ್ನು ಹೊರಕ್ಕೆಳೆದಾಗ ಹಿಂದಿನಿಂದ ಕೆಂಪು ರಟ್ಟಿನ ಪುಸ್ತಕ ಕೆಳಗೆ ಬಿತ್ತು. “ಇದ್ಯಾವ್ದ್ರೀ ಸರ? ಹೆಸರಿಲ್ಲ, ನಂಬರಿಲ್ಲ,” ಎಂದು ಗೌಡರು ಎತ್ತಿ ತೋರಿಸಿದರು. ನಾನು ಫೋನಿನಿಂದ ತಲೆಯೆತ್ತದೆ ಕೈ ಬೀಸಿದೆ. ಅದು ರದ್ದಿ ಚೀಲಕ್ಕೆ ಹೋಯಿತು. ಸಂಜೆಯ ಹೊತ್ತಿಗೆ ಉಳಿದ ಪುಸ್ತಕಗಳೂ ಟೆಂಪೋ ಹತ್ತಿದವು. ಕಥೆ ಕಾದಂಬರಿಗಳ ಸ್ಕ್ಯಾನಿಂಗ್ ಎರಡನೇ ಹಂತದಲ್ಲಿ ಎಂದು ಠರಾವಿನಲ್ಲಿದೆ. ಅವು ರದ್ದಿಗೆ ಹೋದದ್ದು ಮಾತ್ರ ಮೊದಲನೇ ಹಂತದಲ್ಲೇ.

ಈಗ ರ‍್ಯಾಕುಗಳಿದ್ದ ಜಾಗದಲ್ಲಿ ಬೆಳಿಗ್ಗೆ ಜುಂಬಾ ಕ್ಲಾಸು ನಡೆಯುತ್ತದೆ. ಓದುವವರಿಗಾಗಿ ಎರಡು ಟ್ಯಾಬುಗಳಿವೆ, ಹೆಬ್ಬೆರಳು ಒತ್ತಿದರೆ ತೆರೆದುಕೊಳ್ಳುತ್ತವೆ. ಶೀನಣ್ಣ ಬಂದು ಒತ್ತಿದರು, ಒರೆಸಿಕೊಂಡು ಮತ್ತೆ ಒತ್ತಿದರು. “ಬೆರಳಿನ ಗೆರೆಯೆಲ್ಲ ಕಾವಲಿಗೇ ಹೋಯ್ತು ಸಾರ್,” ಎಂದು ಅವರು ನಕ್ಕಾಗ ನನ್ನ ಹೆಬ್ಬೆರಳು ಒತ್ತಿ ಕೊಟ್ಟೆ. ಸ್ಮರಣ ಸಂಚಿಕೆಗಳ ಹಾರ, ಶಾಲು, ದೀಪ ಬೆಳಗುವಿಕೆ ಎಲ್ಲವನ್ನೂ ಒಂದೊಂದಾಗಿ ಸರಿಸಿ ನೋಡಿದರು. “ಎಲ್ಲ ನಿಮ್ಮದೇ ಫೋಟೋ ಅಲ್ವಾ,” ಎಂದು ಹಿಂದಕ್ಕೆ ಕೊಟ್ಟರು. ಮರುದಿನದಿಂದ ಬರಲಿಲ್ಲ.

ಮನಸ್ಸು ತಡೆಯದೆ ಒಂದು ಮಧ್ಯಾಹ್ನ ನಾನೇ ಹೋಟೆಲಿಗೆ ಹೋದೆ. ಶೀನಣ್ಣ ದೋಸೆ ತಂದಿಟ್ಟು ಎದುರಿಗೆ ಕೂತರು.

“ನನ್ನ ಕೆಂಪು ರಟ್ಟಿನದ್ದು ಇನ್ನು ಸಿಗುದಿಲ್ಲ ಅಲ್ವಾ ಸಾರ್?”

ನಾನು ಚಟ್ನಿಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡೆ.

“ಹೋಗ್ಲಿ ಬಿಡಿ ಮಾರಾಯ್ರೆ. ಇನ್ನು ನಲವತ್ತು ಪುಟ ಇತ್ತು, ಅಷ್ಟೇ. ಕಡೆಗೆ ಎಂತಾಯ್ತು ಅಂತ ನೀವೇ ಹೇಳಿ. ನೀವು ಓದಿರ್ತೀರಲ್ಲ.”

ಹನ್ನೊಂದು ವರ್ಷ ಆ ಪುಸ್ತಕದಿಂದ ಆರಡಿ ದೂರದಲ್ಲಿ ಕೂತಿದ್ದವನು ನಾನು. ಓದಿಲ್ಲ ಎನ್ನಲು ವಿಸಿಟಿಂಗ್ ಕಾರ್ಡು ಬಿಡಲಿಲ್ಲ. ಹಳೆಯ ಕಾದಂಬರಿ ಎಂದಮೇಲೆ ಒಬ್ಬಳು ಹುಡುಗಿ ಇರಲೇಬೇಕು, ಮದುವೆಯೂ ಇರಬೇಕು ಎಂದು ಲೆಕ್ಕಹಾಕಿ, “ಓದದೆ ಏನು ಶೀನಣ್ಣ! ಕಡೆಗೆ ಆ ಹುಡುಗಿಗೆ ಒಳ್ಳೆಯ ಕಡೆ ಮದುವೆ ಆಗುತ್ತದೆ, ಎಲ್ಲ ಸುಖವಾಗಿರುತ್ತಾರೆ,” ಎಂದುಬಿಟ್ಟೆ.

“ಆ ಹುಡುಗಿ ಸತ್ತು ನೂರು ಪುಟ ಆಯ್ತಲ್ಲ ಸಾರ್,” ಎಂದರು ಶೀನಣ್ಣ. ಆಮೇಲೆ ಎದ್ದು, “ಇನ್ನೊಂದು ದೋಸೆ ಹಾಕ್ಲಾ?” ಎಂದು ಕೇಳಿದರು.

ಹಾಕಿ ಎಂದೆ. ತಿನ್ನುವಾಗ ನಾಚಿಕೆಯಾಯಿತು. ಆದರೂ ತಿಂದು ಮುಗಿಸಿದೆ. ಬರುವ ಭಾನುವಾರ ನಮ್ಮ ಡಿಜಿಟಲ್ ವಾಚನಾಲಯದ ಔಪಚಾರಿಕ ಉದ್ಘಾಟನೆ. ಓದುವ ಹವ್ಯಾಸ ಹೇಗೆ ಸತ್ತಿತು ಎಂಬುದರ ಬಗ್ಗೆ ಮಾತಾಡುವವನು ನಾನೇ. ಯಾರು ಕೊಂದರು ಎಂಬುದು ಈ ಸಲ ನನಗೆ ಗೊತ್ತಿದೆ. ಭಾಷಣದಲ್ಲಿ ಮಾತ್ರ ಹೇಳುವುದಿಲ್ಲ.