ಹಿತ್ತಲ ಬೊಡ್ಡೆಯೂ ನನ್ನ ಗರಗಸವೂ

ಯಂತ್ರಗಳ ವಿಷಯದಲ್ಲಿ ನನ್ನದು ಸ್ವಲ್ಪ ದುರ್ಬಲ ಮನಸ್ಸು. ಬೇರೆ ಗಂಡಸರು ಇಸ್ಪೀಟಿಗೆ ಸೋಲುತ್ತಾರೆ, ನಾನು ಸ್ಕ್ರೂಡ್ರೈವರಿಗೆ ಸೋಲುತ್ತೇನೆ. ಮನೆಯಲ್ಲಿ ಏನು ಕೆಟ್ಟರೂ "ಯಾರನ್ನೂ ಕರೀಬ್ಯಾಡ, ನಾನಾ ಮಾಡ್ತೀನಿ" ಎನ್ನುವುದು ನನ್ನ ಮೊದಲ ಮಾತು. ಎರಡನೆಯ ಮಾತು ನನ್ನ ಹೆಂಡತಿ ಸರೋಜಳದು, ಅದು ರಿಪೇರಿಯವನಿಗೆ ಹೇಳಿಕಳಿಸುವ ಮಾತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿದವನಿಗೆ ಇಷ್ಟಾದರೂ ಸೊಕ್ಕು ಬೇಡವೇ?

ನಮ್ಮ ಓಣಿಗೆಲ್ಲ ಎರಡೇ ಫೋನು ಇದ್ದ ಕಾಲ ಅದು. ಕೊಟ್ಟೂರಿನ ನಮ್ಮ ಮನೆಯ ಹಿತ್ತಲಲ್ಲಿ ಹಳೆಯ ಹುಣಸೆ ಮರವೊಂದಿತ್ತು. ಬಿರುಗಾಳಿಗೆ ಅದು ಮುರಿದು ಬಿದ್ದು, ಬಿದ್ದದ್ದೆಲ್ಲ ಒಲೆಗೆ ಸೌದೆಯಾಗಿ, ಎದೆಯೆತ್ತರದ ಬೊಡ್ಡೆ ಮಾತ್ರ ನಿಂತಿತ್ತು. ಮಗಳು ಸುಮಾ ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಆಗ ನಮ್ಮ ಬಚ್ಚಲೆಂದರೆ ಒಂದು ಬಂಡೆಗಲ್ಲು, ಸುತ್ತ ತಗಡಿನ ಮರೆ, ಅಷ್ಟೇ. ಹಂಡೆ, ಒಲೆ ಇರುವ ಗಟ್ಟಿ ಬಚ್ಚಲು ಕಟ್ಟಲು ಇದ್ದ ಜಾಗವನ್ನೆಲ್ಲ ಆ ಬೊಡ್ಡೆಯೇ ಹಿಡಿದಿತ್ತು. "ಬಾಣಂತಿನ ತಗಡಿನ ಮರಿಗೆ ಕುಂದ್ರಿಸಿ ನೀರು ಹಾಕ್ಲೇನ್ರಿ? ಥಂಡಿ ಹತ್ತಿದ್ರ ಯಾರು ಹೊಣಿ?" ಎಂದು ಸರೋಜ ದಿನಕ್ಕೆರಡು ಸಲ ಕೇಳುತ್ತಿದ್ದಳು.

ಮರ ಕಡಿಯುವ ದುರುಗಪ್ಪ ಬಂದು ಬೊಡ್ಡೆಯನ್ನು ಎರಡು ಸುತ್ತು ಸುತ್ತಿದ. "ಹದಿನೈದು ದಿನ ಹಿಡಿತೈತ್ರಿ ಮಾಸ್ತರ. ಹುಣಿಸಿ ಬೊಡ್ಡಿ, ನೋಡಿಕೊಂತ ನೋಡಿಕೊಂತ ಕಡೀಬೇಕು" ಅಂದ. ನನ್ನ ಕಿವಿಗೆ ಬಿದ್ದದ್ದು ಹದಿನೈದು ದಿನ ಮಾತ್ರ. ನೋಡಿಕೊಳ್ಳುವುದು ಏನನ್ನು ಎಂದು ಕೇಳುವ ಬುದ್ಧಿ ಬರಲಿಲ್ಲ. "ಮಿಷನ್ ತರ್ತೀನಿ, ಒಂದು ಮುಂಜಾನಿ ಕೆಲಸ" ಎಂದೆ. ಅವನು ಬೀಡಿ ಹಚ್ಚಿಕೊಂಡು ಹೋದ.

ದಾವಣಗೆರೆಯ ಅಂಗಡಿಯವನು ಸರಪಳಿ ಗರಗಸಗಳನ್ನು ಸಾಲಾಗಿ ಇಟ್ಟು, "ಬೊಡ್ಡೆ ಎಷ್ಟು ದಪ್ಪ ಸರ್?" ಎಂದ. ಊರಿನ ಹುಡುಗರಿಗೆಲ್ಲ ಸುತ್ತಳತೆ ಕಲಿಸಿದ ನಾನು ನನ್ನ ಬೊಡ್ಡೆಯನ್ನೇ ಅಳೆದಿರಲಿಲ್ಲ. ಎರಡೂ ಕೈ ಅಗಲಿಸಿ ಗಾಳಿಯನ್ನು ತಬ್ಬಿ ತೋರಿಸಿದೆ. ಅದಕ್ಕೆ ಉದ್ದ ಪಟ್ಟಿಯ ದೊಡ್ಡ ಮಿಷನ್ನೇ ಬೇಕೆಂದ. ಎತ್ತಿ ನೋಡಿದೆ, ಸೊಂಟ ಹಿಡಿದುಕೊಂಡಿತು. ಮಧ್ಯಮ ಗಾತ್ರದ್ದನ್ನು ಆರಿಸಿ, "ಎರಡೂ ಕಡೆಯಿಂದ ಕೊಯ್ದರಾಯಿತು" ಎಂದು ಮಾನ ಉಳಿಸಿಕೊಂಡೆ. ಪೆಟ್ರೋಲಿಗೆ ಆಯಿಲ್ ಬೆರೆಸುವುದು, ಸರಪಳಿಗೆ ಬೇರೆ ಎಣ್ಣೆ ಹಾಕುವುದು, ದುಂಡನೆಯ ಅರದಿಂದ ಹಲ್ಲು ಚೂಪು ಮಾಡುವುದು, ಎಲ್ಲ ಹೇಳಿಕೊಟ್ಟು ಕೊನೆಗೆ, "ಮಣ್ಣು, ಕಲ್ಲು, ಕಬ್ಬಿಣ, ಮೂರೂ ತಾಗಬಾರ್ದು" ಎಂದ. ಮರದೊಳಗೆ ಕಬ್ಬಿಣಕ್ಕೇನು ಕೆಲಸ ಎಂದು ನಕ್ಕೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಹರಪನಹಳ್ಳಿಯಲ್ಲಿ ಹತ್ತಿದವರೊಬ್ಬರು, "ಔಷಧಿ ಹೊಡಿಯಾ ಮಿಷನ್ನಾ ಸರ?" ಎಂದು ಕೇಳಿದ್ದಕ್ಕೆ ಮಾತ್ರ ಸ್ವಲ್ಪ ಬೇಜಾರಾಯಿತು.

ಬಂದ ಮೇಲೆ ಎಂಟು ದಿನ ನಾನು ಒಂದು ಕಡ್ಡಿಯನ್ನೂ ಕೊಯ್ಯಲಿಲ್ಲ, ಬರೀ ಆರೈಕೆ ಮಾಡಿದೆ. ಸಂಜೆ ಶಾಲೆಯಿಂದ ಬಂದವನೇ ಸರೋಜಳ ಹಳೆಯ ಸೀರೆಯಲ್ಲಿ ಒರೆಸುವುದು, ಒಂದೊಂದೇ ಹಲ್ಲಿಗೆ ಅರ ಹಿಡಿಯುವುದು, ಸರಪಳಿ ಬಿಗಿ ಮಾಡುವುದು, ಮತ್ತೆ ಸಡಿಲಿಸುವುದು. ಎಂಬತ್ತು ದಾಟಿದ ನಮ್ಮ ಅವ್ವ ಕಟ್ಟೆಯ ಮೇಲಿಂದ ನೋಡಿ ನೋಡಿ, "ಏನ್ಲೇ ಬಸ್ಯಾ, ಕೂಸಿಗೆ ಹಚ್ಚಿದಂಗ ಎಣ್ಣಿ ಹಚ್ಚಾಕಹತ್ತೀಯಲ್ಲ" ಎಂದಳು.

ಭಾನುವಾರ ಮುಂಜಾನೆ ಮಿಷನ್ನಿಗೆ ಕುಂಕುಮ ಹಚ್ಚಿ, ಕಾಯಿ ಒಡೆದೆವು. ಓಣಿಯ ಜನ ಗೋಡೆಯ ಆಚೆ ನೆರೆದಿದ್ದರು. ಹನ್ನೆರಡನೇ ಸಲ ಹಗ್ಗ ಎಳೆದಾಗ ಅದು ಹೂಂಕರಿಸಿತು. ಮೇಲಿನಿಂದ ತುಂಡು ತುಂಡಾಗಿ ಇಳಿಸುತ್ತ ಬರೋಣವೆಂದು ಬೊಡ್ಡೆಯ ತುದಿಯ ಹತ್ತಿರವೇ ಹಿಡಿದೆ. ಹಿಟ್ಟು ಸುರಿದ ಹಾಗೆ ಹೊಟ್ಟು ಸುರಿಯಿತು, ನನಗೆ ನನ್ನ ಮೇಲೇ ಅಭಿಮಾನ ಉಕ್ಕಿತು. ಸರಪಳಿ ನಾಲ್ಕು ಬೆರಳಿನಷ್ಟು ಒಳಗೆ ಹೋಗಿತ್ತೋ ಇಲ್ಲವೋ, ಖಣ್ ಎಂದು ಕಿಡಿ ಹಾರಿ ಅದು ತುಂಡಾಗಿ ಜೋತುಬಿತ್ತು. ಜೊತೆಗೆ ತಂದಿದ್ದ ಇನ್ನೊಂದು ಸರಪಳಿ ಹಾಕಿ ಆಚೆ ಬದಿಯಿಂದ ಹಿಡಿದೆ. ಮತ್ತೆ ಖಣ್, ಅದರ ಹಲ್ಲುಗಳೆಲ್ಲ ಮೊಂಡಾದವು. ಗೋಡೆಯ ಆಚೆಯಿಂದ ದುರುಗಪ್ಪ ಮೆಲ್ಲಗೆ, "ಮೊಳಿ ಅದಾವ್ರಿ ಮಾಸ್ತರ. ಅದಕ್ಕಾ ನೋಡಿಕೊಂತ ಅಂದೆ" ಎಂದ.

ಆಗ ನೆನಪಾಯಿತು. ನಾವು ಚಿಕ್ಕವರಿದ್ದಾಗ ಮಕ್ಕಳು ಯಾವುದಕ್ಕಾದರೂ ಅಂಜಿಕೊಂಡರೆ, ನಿದ್ದೆಯಲ್ಲಿ ಒದರಿದರೆ, ಇದೇ ಮರಕ್ಕೆ ಒರಗಿಸಿ ನಿಲ್ಲಿಸಿ, ನೆತ್ತಿಯ ಎತ್ತರಕ್ಕೆ ಒಂದು ಕೂದಲೆಳೆ ಸುತ್ತಿ ಮೊಳೆ ಹೊಡೆಯುತ್ತಿದ್ದರು. ಅಂಜಿಕೆ ಮರದಲ್ಲಿ ಉಳಿಯಿತು ಎಂದು ಲೆಕ್ಕ. ಮರ ಬೆಳೆದು ಮೊಳೆಗಳನ್ನೆಲ್ಲ ನುಂಗಿಕೊಂಡಿತ್ತು. ಸರೋಜ ನನ್ನನ್ನು ಬೈಯಲಿಲ್ಲ. "ಸುಮಾಗ ಏನಂತ ಪತ್ರ ಬರೀಲಿ?" ಎಂದಷ್ಟೇ ಕೇಳಿ ಒಳಗೆ ಹೋದಳು. ಬೈದಿದ್ದರೇ ಚೆನ್ನಾಗಿತ್ತು, ನನಗೆ ನಿಜಕ್ಕೂ ನಾಚಿಕೆಯಾಯಿತು.

ಮರುದಿನದಿಂದ ದುರುಗಪ್ಪ ಉಳಿ, ಇಕ್ಕಳ ಹಿಡಿದು ಮೊಳೆ ಕೀಳತೊಡಗಿದ. ಅವ್ವ ಪಕ್ಕದಲ್ಲಿ ಕೂತು ಒಂದೊಂದರ ಗುರುತು ಹೇಳಿದಳು. "ಇದು ಬಾಜೂ ಮನಿ ನಿಂಗಿದು, ಬಾವ್ಯಾಗ ಇಣಿಕಿ ಅಂಜಿದ್ಲು. ಇದು ನಿನ್ನ ತಮ್ಮಂದು, ಗುಡುಗಿಗೆ ಅಂಜತಿದ್ದ." ನಿಂಗಿ ಆಗಲೇ ಮೊಮ್ಮಕ್ಕಳನ್ನು ಕಂಡಿದ್ದಳು. ತಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಅವನ ತುಕ್ಕು ಹಿಡಿದ ಮೊಳೆಯನ್ನು ಅಂಗಿಯ ತುದಿಯಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡೆ. ಕೊನೆಗೆ ಬಂದದ್ದು ಎಲ್ಲಕ್ಕಿಂತ ದಪ್ಪನೆಯದು, ನನ್ನ ಸರಪಳಿಯನ್ನು ಕಡಿದದ್ದು.

"ಇದು ನಿಂದಾ" ಎಂದಳು ಅವ್ವ. "ನಿದ್ದಿಗಣ್ಣಾಗ ಎದ್ದು ಕುಂತು 'ನಾನಾ ಮಾಡ್ತೀನಿ, ನಾನಾ ಮಾಡ್ತೀನಿ' ಅಂತ ಒದರತಿದ್ದಿ. ಮಂತ್ರ ಹಾಕಾ ಗುಡೇಕೋಟಿ ಅಜ್ಜ ಬಂದು ಈ ಮೊಳಿ ಹೊಡೆದ ಮ್ಯಾಲೆ ಬಿಡ್ತು." ಬಿಟ್ಟಿತು ಎಂದು ಆಕೆ ನಲವತ್ತೈದು ವರ್ಷದಿಂದ ನಂಬಿದ್ದಳು. ದುರುಗಪ್ಪ ಮುಖ ಆ ಕಡೆ ತಿರುಗಿಸಿಕೊಂಡ, ಸರೋಜ ತಿರುಗಿಸಿಕೊಳ್ಳಲಿಲ್ಲ.

ಬೇರು ಸಮೇತ ತೆಗೆಯಲು ಇನ್ನು ದಿನಗಳಿರಲಿಲ್ಲ. "ಕೀಳೋದ್ಯಾಕ? ಮಟ್ಟ ಮಾಡ್ರಿ, ಬಾಣಂತಿ ಕುಂದ್ರಾಕ ಮಣಿ ಆಗ್ತೈತಿ" ಎಂದು ಅವ್ವ ದಾರಿ ತೋರಿಸಿದಳು. ಮೊಂಡು ಹಲ್ಲುಗಳಿಗೆ ಎರಡು ಸಂಜೆ ಅರ ಹಿಡಿದು, ದುರುಗಪ್ಪ ಗೆರೆ ಹಾಕಿಕೊಟ್ಟ ಕಡೆ ಗೇಣೆತ್ತರಕ್ಕೆ ಕೊಯ್ದೆ. ಮಿಷನ್ನು ಪೂರ್ತಿಯಾಗಿ ಮಾಡಿದ ಕೆಲಸ ಅದೊಂದೇ. ಸುತ್ತ ಗೋಡೆ ಎದ್ದು, ಹಂಡೆ ಕೂತು, ಸುಮಾ ಮೊದಲ ಸಲ ಅಲ್ಲಿ ನೀರು ಹಾಕಿಸಿಕೊಂಡ ದಿನ ನಾನು ಹೊರಗೆ ನಿಂತಿದ್ದೆ. ಹುಣಸೆಯ ವಾಸನೆಯ ಹಬೆ, "ಸಾಕು ಅಜ್ಜಿ, ಸುಡ್ತೈತಿ" ಎನ್ನುವ ಮಗಳ ದನಿ, ಒಳಗೆ ತೊಟ್ಟಿಲಲ್ಲಿ ಕೂಸಿನ ಅಳು. ಅಷ್ಟು ಸುಖ ನನಗೆ ಆಮೇಲೆ ಆದದ್ದು ಕಡಿಮೆ.

ಗರಗಸ ಈಗ ಅಟ್ಟದ ಮೇಲಿದೆ, ಆಯುಧ ಪೂಜೆಗೆ ಇಳಿದು ಎಣ್ಣೆ, ಹೂವು ಪಡೆದು ಮತ್ತೆ ಏರುತ್ತದೆ. ಅವ್ವ ಇಲ್ಲ, ಬೊಡ್ಡೆ ಇದೆ. ಮೊನ್ನೆ ಬಚ್ಚಲಿನ ನಲ್ಲಿ ಸೋರತೊಡಗಿತು. "ಯಾರನ್ನೂ ಕರೀಬ್ಯಾಡ, ನಾನಾ ಮಾಡ್ತೀನಿ" ಎಂದೆ. ಸರೋಜ ಒಳಗೆ ಹೋದಳು. ದೇವರ ಗೂಡಿನಲ್ಲಿ ಇಷ್ಟು ವರ್ಷ ಜೋಪಾನ ಮಾಡಿದ್ದ ಆ ದಪ್ಪ ಮೊಳೆಯನ್ನೂ, ಜೊತೆಗೊಂದು ಸುತ್ತಿಗೆಯನ್ನೂ ತಂದು ನನ್ನ ಮುಂದಿಟ್ಟು, "ಯಾವ ಗಿಡಕ್ಕ ಹೊಡೀಲಿ ಹೇಳ್ರಿ" ಎಂದಳು.